ಪೋಸ್ಟಿಂಗಿಗೆ ಹೋದ ಮಕ್ಕಳ ಜೊತೆ ನಾವಿರುವುದು ಹೇಗೆ?

ನರ್ಸಿಂಗ್ ಓದುವ ಮಕ್ಕಳು ಮೊದಲ ಸಲ ಆಸ್ಪತ್ರೆ ಪೋಸ್ಟಿಂಗಿಗೆ, ಅಂದರೆ ವಾರ್ಡಿನಲ್ಲಿ ಕೆಲಸ ಕಲಿಯಲು, ಹೊರಡುವ ವಾರ ನನ್ನ ಹತ್ತಿರ ಬಹಳ ಪ್ರಶ್ನೆ ತರುತ್ತಾರೆ. ಅದರಲ್ಲಿ ಪುಸ್ತಕದ ಪ್ರಶ್ನೆ ಒಂದೂ ಇರುವುದಿಲ್ಲ. ಬೆಳಿಗ್ಗೆ ಯಾವ ಗೇಟಿನಿಂದ ಒಳಗೆ ಹೋಗಬೇಕು ಮೇಡಂ? ಬ್ಯಾಗ್ ಎಲ್ಲಿಡುವುದು? ಮೊದಲು ಯಾರ ಹತ್ತಿರ ಹೆಸರು ಹೇಳಬೇಕು? ಇನ್‌ಚಾರ್ಜ್ ಸಿಸ್ಟರ್ ಜೋರಾ? ನಮಗೆ ಟಾಯ್ಲೆಟ್ ಎಲ್ಲಿದೆ? ಬಸ್ ತಪ್ಪಿದರೆ ಆ ದಿನದ ಹಾಜರಿ ಹೋಗುತ್ತಾ?

ಇವು ಸಣ್ಣ ಪ್ರಶ್ನೆಗಳು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಇವಕ್ಕೆ ಉತ್ತರ ಸಿಗದ ಹುಡುಗಿ ವಾರ್ಡಿನ ಗೋಡೆಗೆ ಒರಗಿ ನಿಂತಿರುತ್ತಾಳೆ. ಎದುರಿಗೆ ಮಲಗಿರುವ ಅಜ್ಜಿಯ ಉಸಿರಾಟ ಜೋರಾಗಿದೆ ಅನ್ನುವುದು ಅವಳ ಕಣ್ಣಿಗೆ ಬೀಳುವುದಿಲ್ಲ. ಉಸಿರು ಎಣಿಸುವುದು ಅವಳಿಗೆ ಗೊತ್ತು. ತರಗತಿಯಲ್ಲಿ ಚೆನ್ನಾಗಿಯೇ ಮಾಡಿದ್ದಾಳೆ. ಆದರೆ ಅವಳ ತಲೆಯ ತುಂಬ ಭಯ ಇದೆ. ತಾನು ಇಲ್ಲಿ ನಿಲ್ಲಬಹುದಾ, ಇಲ್ವಾ ಅನ್ನುವುದೇ ಅವಳಿಗೆ ಗೊತ್ತಿಲ್ಲ.

ನಮ್ಮ ಕಾಲೇಜಿನ ಕೆಲವು ಟ್ಯೂಟರುಗಳು ಸೇರಿ ಪೋಸ್ಟಿಂಗಿಗೆ ಅಂತಲೇ ಒಂದು ಚಿಕ್ಕ ವೆಬ್‌ಸೈಟ್ ಮಾಡಿಕೊಂಡಿದ್ದೇವೆ. ನೋಡಲು ತುಂಬಾ ಸಾದಾ. ಬಿಳಿ ಪುಟ, ಕಪ್ಪು ಅಕ್ಷರ. ಬೇರೆ ಕಾಲೇಜುಗಳ ಸ್ನೇಹಿತರು ಅದರ ಬಗ್ಗೆ ಕೇಳುತ್ತಾ ಇರುತ್ತಾರೆ. ಅದರಲ್ಲಿ ಏನಿದೆ, ಏನಿಲ್ಲ, ಯಾಕೆ ಅಂತ ಒಂದು ಕಡೆ ಬರೆದಿಡೋಣ ಅನ್ನಿಸಿತು.

ಮೊದಲು ನಮ್ಮ ಜಿಲ್ಲೆಯ ವಿಷಯ ಹೇಳಬೇಕು. ಉತ್ತರ ಕನ್ನಡದಲ್ಲಿ 12 ತಾಲೂಕು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಕೆಳಗೆ ಕರಾವಳಿಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಘಟ್ಟದ ಮೇಲೆ. ಶಿರಸಿಯಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ, ನಡುವೆ ಘಟ್ಟ. ಒಂದೇ ಬ್ಯಾಚಿನ ಮಕ್ಕಳು ಕೆಲವರು ಜಿಲ್ಲಾ ಆಸ್ಪತ್ರೆಯಲ್ಲಿ, ಕೆಲವರು ತಾಲೂಕು ಆಸ್ಪತ್ರೆಯಲ್ಲಿ, ಇನ್ನು ಕೆಲವರು ಕಾಡಿನ ನಡುವಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಇರುತ್ತಾರೆ. ಎಲ್ಲ ಕಡೆ ಟ್ಯೂಟರ್ ಇರಲು ಆಗುವುದಿಲ್ಲ. ವಾರ್ಡಿನ ಸಿಸ್ಟರಿಗೆ ತನ್ನ ಕೆಲಸವೇ ಬೆಟ್ಟದಷ್ಟು. 2016ರಲ್ಲಿ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಜಿಲ್ಲೆಗೆ ಅದು ತುಂಬಾ ಬೇಕಾಗಿತ್ತು. ಈಗ ಒಂದೇ ಹಾಸಿಗೆಯ ಸುತ್ತ ಎಂಬಿಬಿಎಸ್ ಮಕ್ಕಳು, ನರ್ಸಿಂಗ್ ಮಕ್ಕಳು, ಪ್ಯಾರಾಮೆಡಿಕಲ್ ಮಕ್ಕಳು ನಿಂತಿರುವುದೂ ಉಂಟು. ಹಾಸಿಗೆಯ ಮೇಲಿರುವವರಿಗೆ ಎಷ್ಟು ಸುಸ್ತಾಗಬಹುದು, ಯೋಚಿಸಿ. ಅದಕ್ಕೇ ನಮ್ಮ ಎಲ್ಲ ವಾರ್ಡ್ ಪುಟಗಳ ಮೊದಲ ಸಾಲು ಒಂದೇ: "ಅಜ್ಜಿ, ನಾನಿನ್ನೂ ಕಲಿಯುವವಳು, ಬಿಪಿ ನೋಡಬಹುದಾ ಅಂತ ಕೇಳು. ಬೇಡ ಅಂದರೆ ಬಿಡು."

ವಾಟ್ಸ್‌ಆ್ಯಪ್ ಗ್ರೂಪ್ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಗ್ರೂಪ್ ನಮಗೂ ಇದೆ. ಅಲ್ಲಿ ಸೋಮವಾರ ಹೇಳಿದ್ದು ಬುಧವಾರಕ್ಕೆ ಶುಭೋದಯದ ಚಿತ್ರಗಳ ಕೆಳಗೆ ಹೋಗಿರುತ್ತದೆ. ಒಂದೇ ಪ್ರಶ್ನೆಗೆ ಮೂವರು ಮೂರು ಉತ್ತರ ಕೊಟ್ಟಿರುತ್ತಾರೆ. ಯಾವುದನ್ನು ನಂಬುವುದು? ವೆಬ್‌ಸೈಟಿನಲ್ಲಿ ಒಂದು ವಿಷಯಕ್ಕೆ ಒಂದೇ ಪುಟ. ಬದಲಾದರೆ ಅಲ್ಲೇ ಬದಲಾಗುತ್ತದೆ. ಬರೆದವರ ಹೆಸರು, ಕೊನೆಗೆ ತಿದ್ದಿದ ತಾರೀಖು ಕೆಳಗೆ ಇರುತ್ತದೆ.

ನಮ್ಮಲ್ಲಿ ಅತಿ ಮುಖ್ಯ ಅಂತ ನಾನು ನಂಬಿರುವ ಪುಟದ ಹೆಸರು "ಸೂಜಿ ಚುಚ್ಚಿತಾ?"

ಇಂಜೆಕ್ಷನ್ ಕೊಟ್ಟ ಸೂಜಿ ಕೈಗೆ ಚುಚ್ಚುವುದು ಕಲಿಯುವ ಮಕ್ಕಳಿಗೆ ಆಗುವಂಥದ್ದೇ. ಮಾಡಬೇಕಾದ್ದು ಕಷ್ಟವೇನಲ್ಲ. ಗಾಯವನ್ನು ಹಿಂಡಬಾರದು. ಬೆರಳನ್ನು ಬಾಯಿಗೆ ಹಾಕಬಾರದು. ಸ್ಪಿರಿಟ್, ಬ್ಲೀಚಿಂಗ್ ಏನೂ ಹಚ್ಚಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಆ ಕ್ಷಣವೇ ಇನ್‌ಚಾರ್ಜ್ ಸಿಸ್ಟರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾ ಬೇಡ್ವಾ ಅಂತ ವೈದ್ಯರು ನೋಡುತ್ತಾರೆ. ಬೇಕು ಅಂದರೆ ಆದಷ್ಟು ಬೇಗ, ಸಾಧ್ಯವಾದರೆ 2 ಗಂಟೆಯೊಳಗೆ ಮೊದಲ ಡೋಸ್ ಆಗಬೇಕು. 72 ಗಂಟೆ ದಾಟಿದರೆ ಶುರು ಮಾಡಿ ಪ್ರಯೋಜನ ಇಲ್ಲ. ಶುರು ಮಾಡಿದ ಮೇಲೆ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯಾ ಅಂತಲೂ ನೋಡಬೇಕು. ಇದನ್ನೆಲ್ಲ ತರಗತಿಯಲ್ಲಿ ಹೇಳಿಯೇ ಇರುತ್ತೇವೆ. ಮಕ್ಕಳು ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತಾರೆ. ಹಾಗಿದ್ದೂ ನಿಜವಾಗಿ ಚುಚ್ಚಿದಾಗ ಸುಮ್ನೆ ಇದ್ದುಬಿಡುತ್ತಾರೆ.

ಯಾಕೆ ಅಂದರೆ ಬೈಗುಳದ ಭಯ. "ನೋಡಿಕೊಂಡು ಮಾಡಲಿಕ್ಕೆ ಆಗೋದಿಲ್ವಾ?" ಅಂತ ವಾರ್ಡಿನಲ್ಲಿ ಎಲ್ಲರ ಎದುರು ಕೇಳಿದರೆ? ಮನೆಗೆ ಫೋನ್ ಹೋದರೆ? ಎಚ್‌ಐವಿ ಅನ್ನುವ ಮಾತು ತನ್ನ ಹೆಸರಿನ ಜೊತೆ ಹಾಸ್ಟೆಲ್ಲಿನಲ್ಲಿ ಓಡಾಡಿದರೆ? ಹೀಗೆ ಯೋಚಿಸುತ್ತ ಕೂತರೆ 2 ಗಂಟೆ ಎಷ್ಟು ಹೊತ್ತು?

ಅದಕ್ಕೇ ಆ ಪುಟ ಸೋಪು ನೀರಿನಿಂದ ಶುರುವಾಗುವುದಿಲ್ಲ. ಮೊದಲ ಸಾಲು ಹೀಗಿದೆ: "ಇದಕ್ಕಾಗಿ ನಿನ್ನನ್ನು ಯಾರೂ ಬಯ್ಯುವುದಿಲ್ಲ. ಮನೆಗೆ ನೀನು ಹೇಳು ಅಂದರೆ ಮಾತ್ರ ಹೇಳುತ್ತೇವೆ." ಎರಡನೆಯ ಸಾಲಿನಲ್ಲಿ ಇಬ್ಬರು ಟ್ಯೂಟರುಗಳ ಫೋನ್ ನಂಬರ್. ಮೂರನೆಯದು ಧೈರ್ಯಕ್ಕೆ: ಎಚ್‌ಐವಿ ಇರುವ ರಕ್ತದ ಸೂಜಿಯೇ ಚುಚ್ಚಿದ್ದರೂ ಸೋಂಕು ತಗಲುವ ಸಂಭವ ಸುಮಾರು 1000ಕ್ಕೆ 3. ಔಷಧ ಬೇಗ ಶುರುವಾದರೆ ಅದಕ್ಕಿಂತ ಎಷ್ಟೋ ಕಡಿಮೆ. ಆಮೇಲೆ ತೊಳೆಯುವ ವಿಷಯ.

ಆ ಮೊದಲ ಸಾಲು ಬರೆಯಲು ನಮಗೆ ತುಂಬಾ ಸಮಯ ಹಿಡಿಯಿತು. ಬರೆಯುವುದು ಸುಲಭ, ಅದರಂತೆ ನಡೆಯುವುದು ಬೇರೆ. ಪ್ರಾಂಶುಪಾಲರ ಹತ್ತಿರ ಮಾತಾಡಬೇಕು. ವಾರ್ಡ್ ಸಿಸ್ಟರುಗಳ ಹತ್ತಿರ ಮಾತಾಡಬೇಕು. ಹಾಸ್ಟೆಲ್ ವಾರ್ಡನ್ನಿಗೆ ಹೇಳಬೇಕು. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಎತ್ತಬೇಕು, ಎತ್ತಿ ಮೃದುವಾಗಿ ಮಾತಾಡಬೇಕು. ಒಬ್ಬ ಹುಡುಗಿಗೆ ಒಂದು ಸಲ ಬೈದರೂ ಮುಗಿಯಿತು, ಇಡೀ ಬ್ಯಾಚ್ ಆ ಪುಟವನ್ನು ಮತ್ತೆ ನಂಬುವುದಿಲ್ಲ. ಇಂಥ ವೆಬ್‌ಸೈಟ್ ಅಂದರೆ ನಾವು ಮಕ್ಕಳಿಗೆ ಬರೆದುಕೊಟ್ಟ ಮಾತು ಅಂತಲೇ ನಾನು ತಿಳಿದಿದ್ದೇನೆ. ಉಳಿಸಿಕೊಳ್ಳಲು ಆಗದ ಮಾತನ್ನು ಅಲ್ಲಿ ಹಾಕಬಾರದು.

ಇನ್ನು ನೆಟ್‌ವರ್ಕ್. 2020ರಲ್ಲಿ ಕೊರೊನಾ ಬಂದು ಪಾಠವೆಲ್ಲ ಮೊಬೈಲಿಗೆ ಹೋದಾಗ ನಮ್ಮ ಜಿಲ್ಲೆಯ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಈಗ ಸುಧಾರಿಸಿದೆ, ಆದರೂ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಸಿದ್ದಾಪುರದ ಅಥವಾ ಜೋಯಿಡಾದ ಒಳಗಿನ ಪಿಎಚ್‌ಸಿಯಲ್ಲಿ ನಿಂತ ಹುಡುಗನಿಗೆ ವಿಡಿಯೋ ಪಾಠ ಏನು ಉಪಯೋಗ? ಹಾಗಾಗಿ ಪುಟಗಳಲ್ಲಿ ಅಕ್ಷರವೇ ಜಾಸ್ತಿ, ಚಿತ್ರ ಕಡಿಮೆ. ಒಮ್ಮೆ ತೆರೆದ ಪುಟವನ್ನು ಫೋನಿನ ಬ್ರೌಸರ್ ತನ್ನಲ್ಲೇ ಉಳಿಸಿಕೊಂಡು, ಆಮೇಲೆ ನೆಟ್ ಇಲ್ಲದಿದ್ದರೂ ತೋರಿಸುವ ವ್ಯವಸ್ಥೆ ಇದೆ. ಅದನ್ನು ಬಳಸಿದ್ದೇವೆ. ಹೊರಡುವ ಮುಂಚೆ ಕಾಲೇಜಿನ ವೈಫೈಯಲ್ಲಿ ಎಲ್ಲ ಪುಟ ಒಂದು ಸಲ ತೆರೆದು ನೋಡಿ ಹೋಗಬೇಕು, ಅಷ್ಟೇ. ಲಾಗ್ ಬುಕ್ಕಿನ ಒಳ ರಟ್ಟಿಗೆ ಕ್ಯೂಆರ್ ಕೋಡ್ ಅಂಟಿಸಿದ್ದೇವೆ. ಅದರ ಕೆಳಗೆ ಸೂಜಿ ಚುಚ್ಚಿದಾಗಿನ ಪುಟವನ್ನು ಪೂರ್ತಿ ಅಚ್ಚು ಹಾಕಿಸಿದ್ದೇವೆ. ಫೋನಿನ ಬ್ಯಾಟರಿ ಮುಗಿದವರಿಗೂ ಅದು ಸಿಗಬೇಕಲ್ವಾ.

ಪಾಸ್‌ವರ್ಡ್ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವ ಚರ್ಚೆಯೂ ನಡೆಯಿತು. ಎಷ್ಟೋ ಕಾಲೇಜುಗಳು ಮೂಡಲ್ ಅನ್ನುವ ಆನ್‌ಲೈನ್ ಪಾಠದ ಸಾಫ್ಟ್‌ವೇರ್ ಬಳಸುತ್ತವೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಪಾಠ, ಅಸೈನ್‌ಮೆಂಟ್, ಅಂಕ ಇವಕ್ಕೆಲ್ಲ ಅದು ಒಳ್ಳೆಯದು. ಆದರೆ ಕೈಗೆ ಸೂಜಿ ಚುಚ್ಚಿದವಳ ಹತ್ತಿರ ಪಾಸ್‌ವರ್ಡ್ ಕೇಳಬಾರದು. ತಿಳಿಸುವ ಪುಟಗಳೆಲ್ಲ ತೆರೆದೇ ಇರಲಿ, ಪ್ರಶ್ನೆ ಕೇಳುವ ಜಾಗಕ್ಕೆ ಮಾತ್ರ ಲಾಗಿನ್ ಇರಲಿ ಅಂತ ತೀರ್ಮಾನ ಮಾಡಿದೆವು.

ಪ್ರಶ್ನೆ ಕೇಳುವ ಆ ಜಾಗದಿಂದಲೇ ನಾನು ಹೆಚ್ಚು ಕಲಿತಿದ್ದೇನೆ.

ಮಲೆನಾಡಿನ ತಾಲೂಕಿನಲ್ಲಿದ್ದ ಒಬ್ಬ ಹುಡುಗ ಕೇಳಿದ್ದ. ಹಾವು ಕಚ್ಚಿದವರ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ ಹಾಕಿ 20 ನಿಮಿಷ ಇಡುತ್ತಾರೆ, ನಾನು ನಡುವೆ ಒಮ್ಮೆ ಅಲ್ಲಾಡಿಸಿ ನೋಡಿದ್ದಕ್ಕೆ ಸಿಸ್ಟರ್ ಸಿಟ್ಟಾದರು, ಯಾಕೆ? ಎಷ್ಟು ಒಳ್ಳೆಯ ಪ್ರಶ್ನೆ! ಅಡಿಕೆ ತೋಟ, ಗದ್ದೆ, ಬೆಟ್ಟ ಇರುವ ಕಡೆ ಈ ಪರೀಕ್ಷೆ ಎಲ್ಲರಿಗೂ ಗೊತ್ತಿರಬೇಕು. ದೊಡ್ಡ ಯಂತ್ರ ಬೇಡ. ಸ್ವಚ್ಛವಾದ, ಒಣಗಿದ, ಹೊಸ ಗಾಜಿನ ಟ್ಯೂಬ್, 2 ಮಿಲಿ ರಕ್ತ, ಗಡಿಯಾರ. 20 ನಿಮಿಷ ಮುಟ್ಟದೆ ಇಟ್ಟು ಆಮೇಲೆ ವಾಲಿಸಿ ನೋಡುವುದು. ರಕ್ತ ಇನ್ನೂ ನೀರಿನಂತೆ ಹರಿದರೆ ಹೆಪ್ಪುಗಟ್ಟುವ ಶಕ್ತಿ ಕೆಟ್ಟಿದೆ, ಅಂದರೆ ಮಂಡಲದ ಜಾತಿಯ ವಿಷ ಇರಬಹುದು ಅಂತ ಅರ್ಥ. ನಡುವೆ ಅಲ್ಲಾಡಿಸಿದರೆ ಕಟ್ಟುತ್ತಿದ್ದ ಹೆಪ್ಪು ಒಡೆಯಬಹುದು. ಪ್ಲಾಸ್ಟಿಕ್ ಟ್ಯೂಬ್ ಆದರೆ ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬ್ ಆದರೆ ಸರಿಯಿರುವ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಆಗ ಬೇಡದವರಿಗೆ ಔಷಧ ಹೋಗುತ್ತದೆ. ಜೊತೆಗೆ ಇನ್ನೊಂದು ವಿಷಯ ಬರೆದೆವು. ನಮ್ಮ ದೇಶದ ಹಾವಿನ ವಿಷದ ಔಷಧ ನಾಲ್ಕು ಹಾವುಗಳಿಗೆ ಮಾಡಿದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ಕಾಡಿನಲ್ಲಿರುವ, ಮೂತಿ ಉಬ್ಬಿದ ಸಣ್ಣ ಗುಳಿಮಂಡಲದ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಬೇರೆ ಊರಿನಲ್ಲಿ ಬರೆದ ನೋಟ್ಸಿನಲ್ಲಿ ಈ ಮಾತು ಒಂದು ಸಾಲಿನಲ್ಲಿ ಹೋಗಿಬಿಡುತ್ತದೆ. ಶಿರಸಿ, ಸಿದ್ದಾಪುರದಲ್ಲಿ ಪೋಸ್ಟಿಂಗ್ ಮಾಡುವವರಿಗೆ ಅದು ದಿನದ ಕೆಲಸದ ಮಾತು.

ಮಂಗನ ಕಾಯಿಲೆಯೂ ಹಾಗೇ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ರೋಗ. ಸಿದ್ದಾಪುರ ತಾಲೂಕಿನಲ್ಲಿ ಇತ್ತೀಚಿನ ವರ್ಷಗಳಲ್ಲೂ ಜನರನ್ನು ಕಾಡಿದೆ. ಬೇಸಿಗೆ ಹತ್ತಿರ ಬಂದಂತೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಅಂತ ಬರುವವರ ರಕ್ತ ತೆಗೆಯುವಾಗ ಮಕ್ಕಳ ಕೈ ನಡುಗುತ್ತದೆ. ನಮಗೂ ಬರುತ್ತಾ ಅಂತ ಕೇಳುತ್ತಾರೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಉಣುಗು ಕಚ್ಚಿ ಬರುವಂಥದ್ದು. ಗ್ಲೌಸ್, ಸೂಜಿಯ ಎಚ್ಚರ ಎಲ್ಲ ರೋಗಿಗಳಿಗೂ ಹೇಗೋ ಹಾಗೇ. ಮನೆಭೇಟಿಗೆ ಕಾಡಿನ ದಾರಿಯಲ್ಲಿ ಹೋಗುವಾಗ ಮೈತುಂಬ ಬಟ್ಟೆ ಹಾಕು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೋ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಮೈಯೆಲ್ಲ ನೋಡಿಕೋ. ಇಷ್ಟು ಬರೆದರೆ ಸಾಕು. ರೋಗದ ಹೆಸರು ಕೇಳಿಯೇ ಹಾಸಿಗೆಯಿಂದ ದೂರ ನಿಲ್ಲುವವರು ಹತ್ತಿರ ಬರುತ್ತಾರೆ.

ಎಲ್ಲ ಬ್ಯಾಚಿನಿಂದಲೂ ಬರುವ ಪ್ರಶ್ನೆ ಒಂದಿದೆ. "ಮೇಡಂ, ಕಾಲೇಜಿನಲ್ಲಿ ಹೇಳಿದ್ದು ಒಂದು, ಇಲ್ಲಿ ಮಾಡುವುದು ಇನ್ನೊಂದು. ಎಂತ ಮಾಡುವುದು?"

ಇದಕ್ಕೆ ಬರಹದಲ್ಲಿ ಉತ್ತರಿಸುವುದು ಕಷ್ಟ. ವಾರ್ಡಿನವರು ತಪ್ಪು ಅಂತ ಬರೆದರೆ ಅದನ್ನು ಓದಿದ ಸಿಸ್ಟರಿಗೆ ನೋವಾಗುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇಡೀ ವಾರ್ಡ್ ನೋಡುವವರ ಕೆಲಸವನ್ನು ಕಾಲೇಜಿನ ಕುರ್ಚಿಯಲ್ಲಿ ಕೂತು ಅಳೆಯುವುದು ನ್ಯಾಯವೂ ಅಲ್ಲ. ಎಲ್ಲ ಸರಿ ಅಂತ ಬರೆದರೆ ನಾವು ಕಲಿಸಿದ್ದಕ್ಕೆ ಅರ್ಥ ಇಲ್ಲ. ಕೊನೆಗೆ ನಾವು ಹಿಡಿದ ದಾರಿ ಇದು. ಯಾವುದು ಬಗ್ಗಬಹುದು, ಯಾವುದು ಬಗ್ಗಬಾರದು ಅಂತ ಬಿಡಿಸಿ ಹೇಳುವುದು. ಪುಸ್ತಕದಲ್ಲಿ ಹೇಳಿದ ಟ್ರೇ ಇಲ್ಲವಾ, ಇರುವ ಸ್ವಚ್ಛ ಟ್ರೇ ಬಳಸು. ಹಾಸಿಗೆಯ ಚಾದರದ ಮಡಿಕೆ ಬೇರೆ ಥರ ಇದೆಯಾ, ಇರಲಿ. ಆದರೆ ಕೈ ತೊಳೆಯದೆ ರೋಗಿಯನ್ನು ಮುಟ್ಟಬೇಡ. ಹ್ಯಾಂಡ್‌ರಬ್ ಆದರೆ 20ರಿಂದ 30 ಸೆಕೆಂಡ್ ಸಾಕು, ಅಷ್ಟು ಸಮಯ ಎಲ್ಲರ ಹತ್ತಿರವೂ ಇರುತ್ತದೆ. ಹೆಸರು ಕೇಳಿ ಖಾತ್ರಿ ಮಾಡದೆ ಔಷಧ ಕೊಡಬೇಡ. ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡ. ಯಾರಾದರೂ ಹಾಕು ಅಂದರೆ, "ಸಿಸ್ಟರ್, ನಮಗೆ ಕಾಲೇಜಿನಲ್ಲಿ ಬೇಡ ಅಂದಿದ್ದಾರೆ, ನಾನು ಬಳಸಿದ ಸೂಜಿಯ ಬಿಳಿ ಡಬ್ಬಿಗೇ ಹಾಕಿ ಬರ್ತೇನೆ" ಅಂತ ಹೇಳು. ಬೈದರೆ ಆ ಬೈಗುಳ ನಮ್ಮ ಪಾಲಿಗೆ. ಏನು ಮಾಡಬೇಕು ಅಂತ ಹೇಳಿದರೆ ಸಾಲದು, ಅದನ್ನು ಎದುರಿನವರಿಗೆ ಯಾವ ಮಾತಿನಲ್ಲಿ ಹೇಳಬೇಕು ಅಂತಲೂ ಬರೆದುಕೊಡಬೇಕು. ಹತ್ತೊಂಬತ್ತು ವರ್ಷದ ಮಕ್ಕಳಿಗೆ ಆ ಮಾತು ತಾನಾಗಿ ಬರುವುದಿಲ್ಲ.

ವಾರ್ಡ್ ಸಿಸ್ಟರುಗಳು ಈ ಕೆಲಸಕ್ಕೆ ಬಂದಿದ್ದರಿಂದಲೇ ಇದು ನಿಂತಿದೆ. ಶುರುವಿನಲ್ಲಿ ಅವರಿಗೆ ಅನುಮಾನ ಇತ್ತು. ಹುಡುಗಿ ಫೋನ್ ಹಿಡಿದು ನಿಂತರೆ ರೀಲ್ಸ್ ನೋಡ್ತಾಳೋ ಪಾಠ ನೋಡ್ತಾಳೋ ಯಾರಿಗೆ ಗೊತ್ತು? ಸರಿಯಾದ ಪ್ರಶ್ನೆಯೇ. ರೋಗಿಯ ಹಾಸಿಗೆಯ ಬಳಿ ಫೋನ್ ತೆಗೆಯಬಾರದು, ನರ್ಸಿಂಗ್ ಸ್ಟೇಷನ್ ಹತ್ತಿರ ಕೇಳಿ ತೆಗೆಯಬೇಕು ಅಂತ ನಿಯಮ ಮಾಡಿದೆವು. ಆಮೇಲೆ ಒಬ್ಬೊಬ್ಬ ಸಿಸ್ಟರಿಗೂ ಅವರ ವಾರ್ಡಿನ ಪುಟ ತೋರಿಸಿ, ನೀವೇ ಹೇಳಿ, ಮಕ್ಕಳಿಗೆ ಮೊದಲ ದಿನ ಏನು ಗೊತ್ತಿರಬೇಕು ಅಂತ ಕೇಳಿದೆವು. ಲೇಬರ್ ರೂಮಿನ ಹಿರಿಯ ಸಿಸ್ಟರ್ ಒಬ್ಬರು ಹೇಳಿದ್ದನ್ನು ಒಂದಕ್ಷರ ಬದಲಿಸದೆ ಹಾಕಿದ್ದೇವೆ: "ತಂಗೀ, ಮೊದಲ ದಿನ ಎಂತ ಮಾಡುವುದೂ ಬೇಡ. ಬಾಣಂತಿಯ ಕೈ ಹಿಡಿದುಕೊಂಡು ನಿಲ್ಲು. ಸುಸ್ತಾದರೆ ಹೊರಗೆ ಹೋಗಿ ಕೂತ್ಕೋ, ನಾನು ಏನೂ ಅನ್ನುವುದಿಲ್ಲ." ತನ್ನ ಮಾತು ಪುಟದಲ್ಲಿದೆ ಅಂತಾದ ಮೇಲೆ ಅವರು ಮಕ್ಕಳನ್ನು ನೋಡುವ ರೀತಿಯೇ ಬೇರೆ. ನಮ್ಮ ಮಕ್ಕಳು ಅನ್ನುತ್ತಾರೆ.

ಭಾಷೆಯ ಪುಟವೂ ಹಾಗೇ ಬೆಳೆದಿದ್ದು. ಕಲಬುರಗಿ, ವಿಜಯಪುರ, ಕೇರಳದಿಂದ ಬಂದ ಮಕ್ಕಳಿಗೆ ಕಾರವಾರದ ವಾರ್ಡಿನಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ ಕೇಳಿ ಗಾಬರಿ. ಎಲ್ಲಿ ನೋವು, ಊಟ ಆಯ್ತಾ, ಮೂತ್ರ ಆಯ್ತಾ, ಹೆದರಬೇಡಿ ಸ್ವಲ್ಪ ರಕ್ತ ತೆಗೀತೇನೆ. ಇಂಥ ಕೆಲವು ಮಾತುಗಳನ್ನು ಸದಾಶಿವಗಡದ ಕಡೆಯ ಒಬ್ಬ ಆಯಾ ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿಕೊಟ್ಟಿದ್ದಾರೆ. ಮಕ್ಕಳು ಅದನ್ನು ಬಸ್ಸಿನಲ್ಲಿ ಕೇಳುತ್ತ ಹೋಗುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟು. ರೋಗಿಯ ಹೆಸರು, ಬೆಡ್ ನಂಬರ್, ಐಪಿ (ಒಳರೋಗಿ) ನಂಬರ್, ಫೋಟೋ, ಎಕ್ಸ್‌ರೇ ಯಾವುದೂ ಅಲ್ಲಿಗೆ ಬರಬಾರದು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾನೂನೇ ಬಂದಿದೆ. ಕಾನೂನು ಬಿಡಿ, ನಮ್ಮ ಊರುಗಳು ಎಷ್ಟು ದೊಡ್ಡವು? ಹೊನ್ನಾವರದ ಇಂಥ ಹಳ್ಳಿ, ಇಷ್ಟು ವಯಸ್ಸಿನ ಮೀನುಗಾರ, ಇಂಥ ಕಾಯಿಲೆ ಅಂತ ಬರೆದರೆ ಹೆಸರು ಬೇಕಾಗಿಯೇ ಇಲ್ಲ, ಸಂತೆಯಲ್ಲಿ ನಾಲ್ಕು ಜನ ಗುರುತು ಹಿಡಿಯುತ್ತಾರೆ. ಕೇಸ್ ಬರೆಯುವಾಗ ಊರು ತೆಗೆಯಿರಿ, ವಯಸ್ಸನ್ನು ಅಂದಾಜಿಗೆ ತನ್ನಿ, ಕಸುಬು ಬೇಕಿಲ್ಲದಿದ್ದರೆ ಬಿಡಿ ಅಂತ ಉದಾಹರಣೆ ಸಹಿತ ತೋರಿಸಿದ್ದೇವೆ. ನಂಬಿ ಮೈ ತೋರಿಸಿದವರ ವಿಷಯ ಇದು.

ಮಳೆಗಾಲಕ್ಕೆ ಅಂತ ಮೊದಲ ಪುಟದ ಮೇಲೆ ಒಂದು ಸಾಲು ಇಟ್ಟಿದ್ದೇವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಬೆಳಿಗ್ಗೆ ಕತ್ತಲಲ್ಲಿ ಬಸ್ಸು ಹತ್ತಿ ಈ ರಸ್ತೆಯಲ್ಲೇ ಮಕ್ಕಳು ಬರುತ್ತಾರೆ. ರಸ್ತೆ ಸರಿಯಿಲ್ಲದ ದಿನ ಆ ಸಾಲಿನಲ್ಲಿ ಬರೆಯುತ್ತೇವೆ: ಬರಬೇಡಿ, ಹಾಜರಿಯ ಗಂಟೆಗಳನ್ನು ಆಮೇಲೆ ತುಂಬಿಸಿಕೊಡುತ್ತೇವೆ. ಇದೂ ಕೊಟ್ಟ ಮಾತೇ. ತುಂಬಿಸಿಕೊಡಬೇಕು.

ಕೊನೆಗೆ ಬರೆದ ಪುಟ, ಬರೆಯಲು ಹೆಚ್ಚು ಕಷ್ಟವಾದ ಪುಟ, ಸಾವಿನದು. ಮೂರು ದಿನ ತಾನೇ ಮೈ ಒರೆಸಿ, ತಲೆ ಬಾಚಿದ ಅಜ್ಜಿ ನಾಲ್ಕನೇ ಬೆಳಿಗ್ಗೆ ಹಾಸಿಗೆಯಲ್ಲಿ ಇರುವುದಿಲ್ಲ. ಅಲ್ಲಿ ಬೇರೆಯವರು ಮಲಗಿರುತ್ತಾರೆ. ಹುಡುಗಿ ಕೇಸ್ ಶೀಟ್ ತೆಗೆದುಕೊಂಡು ಹೊಸ ರೋಗಿಯ ಬಿಪಿ ನೋಡಬೇಕು. ಯಾರೂ ಅವಳಿಗೆ ಏನೂ ಹೇಳಿರುವುದಿಲ್ಲ, ಯಾರಿಗೂ ಪುರುಸೊತ್ತಿಲ್ಲ. ಆ ರಾತ್ರಿ ಹಾಸ್ಟೆಲ್ಲಿನಲ್ಲಿ ಅವಳು ತಾನು ಏನಾದರೂ ತಪ್ಪು ಮಾಡಿದೆನಾ ಅಂತ ಯೋಚಿಸುತ್ತಾಳೆ. ಬಿಪಿ ಬರೆದದ್ದು ಸರಿ ಇತ್ತಾ? ನೀರು ಕುಡಿಸಿದ್ದು ಜಾಸ್ತಿಯಾಯಿತಾ?

ಆ ಪುಟದಲ್ಲಿ ಅಳು ಬಂದರೆ ಅಳಬಹುದು ಅಂತ ಬರೆದಿದ್ದೇವೆ. ದೇಹವನ್ನು ಒರೆಸಿ ಸಿದ್ಧ ಮಾಡುವಾಗ ಜೊತೆಗೆ ನಿಲ್ಲಬೇಕು ಅನ್ನಿಸಿದರೆ ಸಿಸ್ಟರಿಗೆ ಕೇಳು, ಬೇಡ ಅನ್ನಿಸಿದರೆ ಅದನ್ನೂ ಹೇಳು ಅಂತ ಬರೆದಿದ್ದೇವೆ. ನಿನ್ನ ಅನುಮಾನವನ್ನು ಒಳಗೆ ಇಟ್ಟುಕೊಳ್ಳಬೇಡ, ನಾಳೆ ಟ್ಯೂಟರ್ ಜೊತೆ ಕೂತು ಚಾರ್ಟ್ ನೋಡೋಣ, ಆಗಿದ್ದೇನು ಅಂತ ತಿಳಿಯೋಣ ಅಂತಲೂ ಇದೆ. ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಕೂಡ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಕನ್ನಡದಲ್ಲೂ ಮಾತಾಡಬಹುದು, ಹಗಲು ರಾತ್ರಿ ಸಿಗುತ್ತದೆ. ಆದರೆ ಅದನ್ನು ಎರಡನೆಯದಾಗಿ ಹಾಕಿದ್ದೇವೆ. ಮೊದಲು ಇರುವುದು ಅವಳಿಗೆ ಮುಖ ಗೊತ್ತಿರುವ ಟ್ಯೂಟರಿನ ನಂಬರ್. ಈ ಪುಟ ಓದಿ ರಾತ್ರಿ ಫೋನ್ ಮಾಡಿದ ಮಕ್ಕಳಿದ್ದಾರೆ. ಬಹಳ ಮಾತಾಡುವುದಿಲ್ಲ ಅವರು. ಅಜ್ಜಿ ಏನು ಹೇಳುತ್ತಿದ್ದಳು, ಯಾವ ಊರಿನವಳು, ಮಗ ಬಂದಿದ್ದನಾ, ಇಷ್ಟೇ. ಮಾತಾಡಿದ ಮೇಲೆ ಮಲಗುತ್ತಾರೆ. ಬೆಳಿಗ್ಗೆ ಡ್ಯೂಟಿಗೆ ಹೋಗುತ್ತಾರೆ.

ನಾವೆಲ್ಲ ಇಂಥದ್ದೇನೂ ಇಲ್ಲದೆ ಕಲಿತೆವಲ್ಲ ಅಂತ ಹಿರಿಯ ಸಹೋದ್ಯೋಗಿಗಳು ಹೇಳುವುದುಂಟು. ಅವರ ಮೇಲೆ ನನಗೆ ಗೌರವ ಇದೆ, ನನಗೆ ಕಲಿಸಿದವರೇ ಅವರು. ಅವರು ಕಲಿಯುವಾಗ ಪಕ್ಕದಲ್ಲಿ ನಿಂತು ಕೈ ಹಿಡಿದು ತೋರಿಸುವ ಸಿಸ್ಟರಿಗೆ ಪುರುಸೊತ್ತು ಇತ್ತು ಅಂತ ಅವರೇ ಹೇಳುತ್ತಾರೆ. ಆ ಪುರುಸೊತ್ತನ್ನು ಪುಟಗಳು ತಂದುಕೊಡುವುದಿಲ್ಲ. ಸಿಸ್ಟರಿಗೆ ಇರುವ ಐದು ನಿಮಿಷ ಬ್ಯಾಗ್ ಎಲ್ಲಿಡಬೇಕು ಅನ್ನುವುದಕ್ಕೆ ಹೋಗದೆ, ನಾಡಿ ಹೇಗೆ ಹಿಡಿಯಬೇಕು ಅನ್ನುವುದಕ್ಕೆ ಉಳಿದರೆ ನನಗೆ ಸಂತೋಷ.

ಬೇರೆ ಕಾಲೇಜಿನವರು ಇದನ್ನು ಮಾಡಹೊರಟರೆ ಸಾಫ್ಟ್‌ವೇರ್ ಯಾವುದು ಅಂತ ಮೊದಲು ಕೇಳಬೇಡಿ, ಯಾವುದಾದರೂ ನಡೆಯುತ್ತದೆ. ಫೋನ್ ಎತ್ತುವ ಇಬ್ಬರು ಯಾರು ಅಂತ ಮೊದಲು ನೋಡಿಕೊಳ್ಳಿ. ನಮ್ಮಲ್ಲಿ ಹೊಸ ಬ್ಯಾಚ್ ಹೊರಡುವ ಮುಂಚೆ ಪುಟಗಳಲ್ಲಿರುವ ಎಲ್ಲ ನಂಬರುಗಳಿಗೂ ಒಬ್ಬರು ಕೂತು ಫೋನ್ ಮಾಡುತ್ತೇವೆ. ವಾರ್ಡ್ ಬದಲಾದ ಸಿಸ್ಟರ್, ವರ್ಗವಾದ ವೈದ್ಯರು, ರಜೆಯ ಮೇಲಿರುವ ಟ್ಯೂಟರ್ ಆಗಲೇ ಗೊತ್ತಾಗುವುದು. ಈಗ ಜನವರಿಯಲ್ಲಿ ಸಿದ್ದಾಪುರದ ಕಡೆ ಹೋಗುವವರಿದ್ದಾರೆ. ಮಂಗನ ಕಾಯಿಲೆಯ ಪುಟಕ್ಕೆ ಈ ವರ್ಷ ಆರೋಗ್ಯ ಇಲಾಖೆ ಏನು ಹೇಳಿದೆ ಅಂತ ಅಲ್ಲಿನ ಪಿಎಚ್‌ಸಿಯವರನ್ನು ಕೇಳಿ ತಿದ್ದಬೇಕು. ಹಳ್ಳಿಗಳ ಆರೋಗ್ಯ ಉಪಕೇಂದ್ರಗಳ ಪುಟ ಇನ್ನೂ ಬರೆದಾಗಿಲ್ಲ. ಅದನ್ನು ಅಲ್ಲಿ ಕೆಲಸ ಮಾಡುವ ಎಎನ್‌ಎಂ (ಹಳ್ಳಿಯ ನರ್ಸ್) ಅಕ್ಕಂದಿರೇ ಬರೆಯಲಿ ಅಂತ ಕೇಳಿಕೊಂಡಿದ್ದೇವೆ, ಒಪ್ಪಿದ್ದಾರೆ.